ಸದರಿಯವನು

ನಾಗರಿಕತೆಗಳು ನೀರಿನ ದಡದಲ್ಲಿ ಹುಟ್ಟಿ, ನೀರಿಗಾಗಿ ಬಡಿದಾಡಿ, ನೀರಿಲ್ಲದೆ ಅಳಿದವು ಎಂಬುದನ್ನು ಬಲ್ಲವರು ಈ ಮುಂದಿನ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಒಂದು ಶನಿವಾರ ಬೆಳಿಗ್ಗೆ ಮೂರನೇ ಮಹಡಿಯ ಅಜ್ಜಿಯ ಬಕೆಟ್ಟಿನಿಂದ ಸ್ವಲ್ಪ ನೀರು ತುಳುಕಿ, ಮೆಟ್ಟಿಲ ಬುಡದಲ್ಲಿ ಮಷೀನು ಹಾಕಿಕೊಂಡಿದ್ದ ಟೈಲರ್ ಆಗಷ್ಟೇ ಇಸ್ತ್ರಿ ಮಾಡಿಟ್ಟ ಯಾರದೋ ಪ್ಯಾಂಟಿನ ಬಲಗಾಲಿನ ಮೇಲೆ ಬಿತ್ತು. ಸ್ವಲ್ಪ ಎಂದರೆ ಎಷ್ಟು ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಅಜ್ಜಿಯ ಪ್ರಕಾರ ಅದು ಒಂದು ಹನಿ ಕಣ್ಣೀರಿನಷ್ಟು. ಟೈಲರ್ ಪ್ರಕಾರ ಅದರಲ್ಲಿ ಎಮ್ಮೆ ಮೀಯಿಸಬಹುದಿತ್ತು.

ಈ ಅಂದಾಜುಗಳು ದನಿಯೇರಿಸಿಕೊಂಡು ಮೊದಲನೇ ಮಹಡಿಯವರೆಗೂ ಹತ್ತಿ, ಅಲ್ಲಿ ಕನ್ನಡಿಯ ಮುಂದೆ ಮುಖ ಜೋಲು ಹಾಕಿಕೊಂಡು ಗಡ್ಡ ಹೆರೆಯುತ್ತಿದ್ದ ಯುವಕನೊಬ್ಬನ ಕಿವಿಗೆ ಬಿದ್ದವು. ಕೂಡಲೇ ಅವನ ಮುಖ ಅರಳಿತು. ಜಗಳದ ಸದ್ದಿಗೆ ಮುಖ ಅರಳುವುದು ಎರಡು ಬಗೆಯ ಜನರಿಗೆ: ಕೆಲಸವಿಲ್ಲದವರಿಗೆ ಮತ್ತು ವಕೀಲರಿಗೆ. ಅವನು ಎರಡೂ ಆಗುವ ದಾರಿಯಲ್ಲಿದ್ದ.

ಕಟ್ಟಡದವರೆಲ್ಲ ಅವನನ್ನು ಕರೆಯುತ್ತಿದ್ದುದು ಮರಿ ಲಾಯರ್ ಎಂದು. ಅಕ್ಕ ಭಾವನ ಮನೆಯಲ್ಲಿದ್ದುಕೊಂಡು ಕಾನೂನು ಕಾಲೇಜಿನ ಕೊನೆಯ ವರ್ಷ ಓದುತ್ತಿದ್ದ. ಓದಿನ ಮಟ್ಟಿಗೆ ಅವನತ್ತ ಯಾರೂ ಬೊಟ್ಟು ಮಾಡುವಂತಿರಲಿಲ್ಲ. ಆದರೆ ಆ ಕಾಲೇಜಿನಲ್ಲಿ ಓದಿದರಷ್ಟೇ ಸಾಲುತ್ತಿರಲಿಲ್ಲ. ವಕೀಲರಿಗೆ ಫೀಸು ಕೊಡಲಾಗದ ಬಡಬಗ್ಗರಿಗಾಗಿ ಕಾಲೇಜು ಒಂದು ಉಚಿತ ಕಾನೂನು ನೆರವು ಕೇಂದ್ರ ನಡೆಸುತ್ತಿತ್ತು. ಪ್ರತಿ ವಿದ್ಯಾರ್ಥಿಯೂ ಅಲ್ಲಿ ಕೂತು, ನಿಜವಾದ ಜನರ ನಿಜವಾದ ತಾಪತ್ರಯ ಕೇಳಿ, ಕನಿಷ್ಠ ಒಂದು ತಕರಾರನ್ನಾದರೂ ತನ್ನ ಕೈಯಾರೆ ನಡೆಸಿ ದಡ ಮುಟ್ಟಿಸಬೇಕು. ಮುಟ್ಟಿಸದವನು ಆ ವರ್ಷವನ್ನು ಇನ್ನೊಮ್ಮೆ ಓದಬೇಕು. ಕೇಂದ್ರದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮೇಡಂ, ಇದು ಬಡವರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು, ಕೈ ಕೊಳೆ ಮಾಡಿಕೊಳ್ಳದೆ ಕಾನೂನು ಬರುವುದಿಲ್ಲ ಎಂದು ವರ್ಷಾರಂಭದಲ್ಲೇ ಹೇಳಿದ್ದರು.

ಗಡುವು ಅದೇ ಶನಿವಾರ ಸಂಜೆಗೆ ಮುಗಿಯುತ್ತಿತ್ತು. ಮರಿ ಲಾಯರ್‌ನ ಕೈ ಇನ್ನೂ ಸ್ವಚ್ಛವಾಗಿತ್ತು.

ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಅವನ ಮೊದಲ ಕಕ್ಷಿದಾರಳು ಗಂಡನಿಂದ ಜೀವನಾಂಶ ಕೇಳಲು ಬಂದಿದ್ದಳು. ಅರ್ಜಿ ಅರ್ಧ ಆಗಿತ್ತು. ಅಷ್ಟರಲ್ಲಿ ಹೊರಗೆ ಮಳೆ ಬಂತು, ಗಂಡ ಕೊಡೆ ಹಿಡಿದುಕೊಂಡು ಬಾಗಿಲಿಗೆ ಬಂದ, ಒಂದೇ ಕೊಡೆಯಡಿ ಇಬ್ಬರೂ ಹೊರಟುಹೋದರು. ಎರಡನೆಯವನು ಒಬ್ಬ ಮುದುಕ. ಒಂದು ಇಡೀ ಮಧ್ಯಾಹ್ನ ಅವನ ಬದುಕಿನ ಕತೆಯನ್ನೆಲ್ಲ ಕೇಳಿ ಬರೆದುಕೊಂಡ ಮೇಲೆ ತಿಳಿದದ್ದು, ಅವನು ಬಂದದ್ದು ಪಕ್ಕದ ಗಿರಣಿಗೆ, ಅಲ್ಲಿ ಕ್ಯೂ ಇದ್ದುದರಿಂದ ಇಲ್ಲಿ ಕೂತಿದ್ದ. ಮೂರನೆಯವನು ಕೆಲಸ ಕಳೆದುಕೊಂಡ ಕಾವಲುಗಾರ. ಮರಿ ಲಾಯರ್ ರಾತ್ರಿಯೆಲ್ಲ ಎದ್ದು ಅವನ ಧಣಿಗೆ ಬೆವರಿಳಿಯುವಂಥ ನೋಟೀಸು ಬರೆದ. ಅದು ಅಂಚೆಗೆ ಬೀಳುವ ಮುಂಚೆಯೇ ಧಣಿ ಮನಸ್ಸು ಬದಲಾಯಿಸಿ ಅವನನ್ನು ಮತ್ತೆ ಕರೆಸಿಕೊಂಡ. ಹೀಗೆ ನ್ಯಾಯ ಅವಸರಪಟ್ಟು ತಾನೇ ಸಿಕ್ಕಿಬಿಟ್ಟಿದ್ದರಿಂದ ಹುಡುಗನ ಭವಿಷ್ಯ ಹಾಳಾಗುವ ಸ್ಥಿತಿಗೆ ಬಂದಿತ್ತು. ಈಚೆಗೆ ಊಟಕ್ಕೆ ಕೂತಾಗಲೆಲ್ಲ ಭಾವ, "ಇದೇ ಕೊನೇ ವರ್ಷ ತಾನೇ?" ಎಂದು ಅನ್ನದ ತಟ್ಟೆ ನೋಡಿಕೊಂಡು ಕೇಳುತ್ತಿದ್ದರು. ತಟ್ಟೆಗೆ ಅದರ ಉತ್ತರ ಗೊತ್ತಿಲ್ಲದ ಕಾರಣ ಅಕ್ಕನೇ ಹೌದು ಹೌದು ಎನ್ನುತ್ತಿದ್ದಳು.

ಆದ್ದರಿಂದ ಕೆಳಗಿನ ಗಲಾಟೆ ಕೇಳಿದ ಅವನು ಅರ್ಧ ಗಡ್ಡದ ಸಮೇತ ಮೆಟ್ಟಿಲಿಳಿದ.

ಅಜ್ಜಿ ಬಕೆಟ್ಟಿಟ್ಟು ಎರಡನೇ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಒಂಟಿ ಹೆಂಗಸು, ಹಿಂದುಮುಂದಿಲ್ಲ, ಆದಾಯವಿಲ್ಲ. ಆ ಕಟ್ಟಡದಲ್ಲಿ ನೀರು ಮೇಲಕ್ಕೆ ಹತ್ತುತ್ತಿರಲಿಲ್ಲವಾದ್ದರಿಂದ ಎಲ್ಲರೂ ನೆಲಮಹಡಿಯ ನಲ್ಲಿಯಿಂದ ಹೊತ್ತುಕೊಂಡೇ ಹೋಗಬೇಕು. ಕಾನೂನು ನೆರವಿಗೆ ಇಷ್ಟು ಲಕ್ಷಣವಾಗಿ ಹೊಂದುವ ಇನ್ನೊಬ್ಬಳನ್ನು ಅವನು ಊರೆಲ್ಲ ಹುಡುಕಿದರೂ ಸಿಗುತ್ತಿರಲಿಲ್ಲ, ಇವಳು ಎರಡು ಮಹಡಿ ಮೇಲೇ ಇದ್ದಳು. ಕಕ್ಷಿದಾರರಿಗೆ ಉಪದೇಶ ಮಾಡಬೇಡಿ, ಅವರಿಗೆ ಏನು ಬೇಕು ಎಂದು ಮೊದಲು ಕೇಳಿ ಎಂಬುದು ಮೇಡಂ ಹೇಳಿಕೊಟ್ಟ ಮೊದಲ ಪಾಠ. ಅವನು ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದ.

"ಅಜ್ಜಿ, ನಿಮಗೇನು ಬೇಕು?"

"ಏನು ಕೊಡ್ತೀಯಪ್ಪ?"

"ನ್ಯಾಯ ಕೊಡಿಸ್ತೀನಿ."

"ಅದನ್ನ ಮೂರನೇ ಮಹಡಿಗೆ ಯಾರು ಹೊತ್ಕೊಂಡು ಬರ್ತಾರೆ? ಮಂಡಿನೋವಿಗೆ ಏನಾದ್ರೂ ಇದ್ರೆ ಕೊಡು."

ನ್ಯಾಯ ಸಿಕ್ಕರೆ ಮಂಡಿಗೂ ನಿರಾಳ ಎಂದು ಹೇಗೋ ಒಪ್ಪಿಸಿ, ಅಜ್ಜಿಯ ನಡುಗುವ ಸಹಿ ಹಾಕಿಸಿಕೊಂಡು, ಅವನು ಒಂದೇ ಉಸಿರಿಗೆ ಕೇಂದ್ರಕ್ಕೆ ಓಡಿದ.

ಕೇಂದ್ರ ಇದ್ದದ್ದು ಒಂದು ಹಿಟ್ಟಿನ ಗಿರಣಿಗೆ ಅಂಟಿಕೊಂಡ ಕೋಣೆಯಲ್ಲಿ. ನಡುಗೋಡೆ ಇತ್ತು, ಆದರೆ ಹಿಟ್ಟು ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಕಡತಗಳು, ಕುರ್ಚಿಗಳು, ಕಾನೂನಿನ ದಪ್ಪ ಪುಸ್ತಕಗಳು ಎಲ್ಲವೂ ಬೆಳ್ಳಗೆ. ಕಪ್ಪು ಕೋಟು ಹಾಕಿ ಬಂದ ವಿದ್ಯಾರ್ಥಿಗಳು ಸಂಜೆ ಹೊತ್ತಿಗೆ ಬೇಕರಿಯವರಂತೆ ಕಾಣುತ್ತಿದ್ದರು. ಮೇಡಂ ಅರ್ಜಿ ಓದಿ, ಅವನ ಅರ್ಧ ಗಡ್ಡ ನೋಡಿ, ಸಂಜೆ ನಿವೃತ್ತ ನ್ಯಾಯಾಧೀಶರು ರಾಜಿ ಮಾಡಿಸಲು ಬರುತ್ತಾರೆ, ಎರಡೂ ಕಡೆಯವರನ್ನು ಕರೆತಂದು ಒಪ್ಪಂದ ಬರೆಸಿದರೆ ನಿನ್ನದು ಆಯಿತು ಎಂದರು. ಆಮೇಲೆ, "ಸಂಜೆವರೆಗೂ ಈ ಜಗಳ ಉಳಿಯುತ್ತೇನಪ್ಪ?" ಎಂದು ಸುಮ್ಮನೆ ಕೇಳಿದರು.

ಆ ದೃಷ್ಟಿಯಿಂದ ಅವನು ಯೋಚಿಸಿಯೇ ಇರಲಿಲ್ಲ. ಮತ್ತೆ ಓಡಿದ.

ಅವನ ಭಯ ನಿಜವಾಗಿತ್ತು. ಟೈಲರ್‌ನ ಸ್ಟೂಲಿನ ಮೇಲೆ ಅಜ್ಜಿ ಕಾಲು ನೀಡಿ ಕೂತು ಟೀ ಕುಡಿಯುತ್ತಿದ್ದಳು. ಟೈಲರ್ ಅವಳ ಹರಿದ ಕೈಚೀಲಕ್ಕೆ ಹೊಲಿಗೆ ಹಾಕುತ್ತಿದ್ದ. ಅವನ ಹೆಂಡತಿ ಪಕ್ಕದಲ್ಲಿ ಗುಂಡಿ ಹಚ್ಚುತ್ತಾ, ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಏನೋ ತಮಾಷೆ ಹೇಳುತ್ತಿದ್ದಳು. ಪ್ಯಾಂಟು ಏನಾಯಿತೆಂದು ಮರಿ ಲಾಯರ್ ಕ್ಷೀಣ ದನಿಯಲ್ಲಿ ವಿಚಾರಿಸಿದ.

"ನೀರು ತಾನೇ ಸಾರ್, ಒಣಗ್ತು," ಎಂದ ಟೈಲರ್.

ಅವನ ಡಿಗ್ರಿ ಅವನ ಕಣ್ಣೆದುರೇ ಸ್ಟೂಲಿನ ಮೇಲೆ ಕೂತು ಟೀ ಹೀರುತ್ತಿತ್ತು. ಅವನು ಕೆಟ್ಟವನಲ್ಲ. ಬಡವರ ಮೇಲೆ ಅವನಿಗೆ ಮರುಕವಿತ್ತು. ಆದರೆ ಬಡವರು ಹೀಗೆ ತಮ್ಮಷ್ಟಕ್ಕೆ ತಾವೇ ಹೊಂದಿಕೊಂಡುಬಿಟ್ಟರೆ ಅವರಿಗೆ ನೆರವಾಗುವುದು ಹೇಗೆ? ಸಂಜೆ ರಾಜಿ ಆಗಬೇಕಾದರೆ ಅಲ್ಲಿಯವರೆಗೆ ಜಗಳ ಬದುಕಿರಬೇಕು. ಅದನ್ನು ಒಂದು ನಾಲ್ಕೈದು ತಾಸು ಉಸಿರಾಡಿಸಿಕೊಂಡು ಹೋದರೆ ಸಾಕು, ಆಮೇಲೆ ತಾನೇ ಅದನ್ನು ಶಾಸ್ತ್ರೋಕ್ತವಾಗಿ ಮುಗಿಸುವವನಿದ್ದ.

ಅಜ್ಜಿಯನ್ನು ಒಂದು ಪಕ್ಕಕ್ಕೆ ಕರೆದು, ಬೆಳಿಗ್ಗೆ ಟೈಲರ್ ಆಡಿದ ಮಾತು ಅಷ್ಟು ಬೇಗ ಮರೆತುಹೋಯಿತೇ ಎಂದು ಕೇಳಿದ.

"ನನಗೆ ಎಡಗಿವಿ ಅಷ್ಟಕ್ಕಷ್ಟೇ ಕಣಪ್ಪ. ಏನಂದ?"

ಕಣ್ಣು ಕಾಣದ ಮುದುಕಿ ಮನೆಯಲ್ಲಿ ಬಿದ್ದಿರಬೇಕು ಎಂದಿದ್ದ. ಮರಿ ಲಾಯರ್ ಅದನ್ನು ಒಂದಕ್ಷರ ಬಿಡದೆ, ಸಾಕ್ಷಿ ನುಡಿಯುವವನ ನಿಷ್ಠೆಯಿಂದ ಬಲಗಿವಿಗೆ ಹೇಳಿದ. ಅಜ್ಜಿ ಟೀ ಲೋಟವನ್ನು ಕೆಳಗಿಟ್ಟಳು. ಲೋಟ ಖಾಲಿಯಾಗಿತ್ತು, ಆದರೂ ಇಟ್ಟ ರೀತಿ ಚೆನ್ನಾಗಿತ್ತು. ಆಮೇಲೆ ಅವನು ಅವಳಿಗೆ ಸಾರ್ವಜನಿಕ ನಲ್ಲಿಯನ್ನು ಅಡೆತಡೆಯಿಲ್ಲದೆ ತಲುಪುವ ಹಕ್ಕು ಎಂದರೇನೆಂದು ವಿವರಿಸಿದ. ತನಗೆ ಅಂಥದ್ದೊಂದು ಇದೆಯೆಂದು ಅಜ್ಜಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಬೆನ್ನು ನೆಟ್ಟಗಾಯಿತು.

ಎರಡೂ ಕಡೆಗೆ ಸಮಾನ ಅವಕಾಶ ಕೊಡುವುದು ನ್ಯಾಯದ ಮೂಲ ಸೂತ್ರವಾದ್ದರಿಂದ ಅವನು ಟೈಲರ್ ಬಳಿಗೂ ಹೋದ. ಈ ಮೆಟ್ಟಿಲ ಬುಡದ ಜಾಗ ಯಾರದು ಎಂದು ಕೇಳಿದ. ಟೈಲರ್ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಮದುವೆಯಾದಾಗಿನಿಂದ ಅಲ್ಲೇ ಹೊಲಿಯುತ್ತಿದ್ದೇನೆ ಎಂದ. ಹಾಗಾದರೆ ಅದಕ್ಕೆ ಕಾನೂನಿನಲ್ಲಿ ಸ್ವಾಧೀನಾನುಭವ ಎನ್ನುತ್ತಾರೆ ಎಂದು ಮರಿ ಲಾಯರ್ ತಿಳಿಸಿದ. ಟೈಲರ್ ಆ ಪದವನ್ನು ಬಾಯಲ್ಲಿ ಹಾಕಿಕೊಂಡು ಒಂದೆರಡು ಸಲ ಹೊರಳಿಸಿ ನೋಡಿದ. ಅವನ ಅಪ್ಪನಿಗಾಗಲಿ ಅಜ್ಜನಿಗಾಗಲಿ ಅಷ್ಟು ಉದ್ದದ್ದು ಏನೂ ಇರಲಿಲ್ಲ. ಕೈಚೀಲವನ್ನು ಅರ್ಧ ಹೊಲಿಗೆಗೇ ನಿಲ್ಲಿಸಿ ಅಜ್ಜಿಯ ಮಡಿಲಿಗೆ ಹಾಕಿದ.

ಮರಿ ಲಾಯರ್ ಇಷ್ಟಕ್ಕೇ ನಿಲ್ಲುತ್ತದೆಂದು ಎಣಿಸಿದ್ದ. ಆದರೆ ಹಕ್ಕು ಎಂಬುದು ಹೊಸ ಚಪ್ಪಲಿಯಂಥದು, ಸಿಕ್ಕಿದವರು ಅದನ್ನು ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ತೋರಿಸದೆ ಬಿಡುವುದಿಲ್ಲ. ಅವನು ಮೇಲೆ ಹೋಗಿ ಉಳಿದರ್ಧ ಗಡ್ಡ ಹೆರೆದು ಬರುವಷ್ಟರಲ್ಲಿ ಟೈಲರ್ ತನ್ನ ಬಟ್ಟೆ ಕತ್ತರಿಸುವ ಉದ್ದ ಮೇಜನ್ನು ಎಳೆತಂದು ನಲ್ಲಿಯ ದಾರಿಗೆ ಅಡ್ಡ ಹಾಕಿದ್ದ. ಅಜ್ಜಿ ಅದೇ ಮೇಜಿನ ಮೇಲೆ ಹತ್ತಿ, ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಕತ್ತರಿಸಲು ಹಾಸಿದ್ದ ಬಟ್ಟೆಯ ನಟ್ಟನಡುವೆ ಕೂತಿದ್ದಳು. ನಲ್ಲಿ ಮೇಜಿನ ಆಚೆಗಿತ್ತು. ಕಟ್ಟಡದ ಸಮಸ್ತರೂ ಈಚೆಗಿದ್ದರು.

ಎರಡನೇ ಮಹಡಿಯ ಬಸ್ ಕಂಡಕ್ಟರ್ ಡ್ಯೂಟಿ ಮುಗಿಸಿ ಬಂದವನು ಮುಖ ತೊಳೆಯಲು ಕೊಡ ಹಿಡಿದು ಬಂದ. ಬದುಕಿಡೀ ಜನರನ್ನು ಒಳಗೆ ಹೋಗಿ, ಮುಂದೆ ಹೋಗಿ ಎಂದು ಅಟ್ಟಿದವನಿಗೆ ತಾನೇ ಮುಂದೆ ಹೋಗಲಾಗದ ಸ್ಥಿತಿ ಇದೇ ಮೊದಲು. ಮೇಜನ್ನು ಎತ್ತಿ ಪಕ್ಕಕ್ಕಿಡಲು ಕೈ ಹಾಕಿದ. ಮರಿ ಲಾಯರ್ ಗಾಬರಿಯಿಂದ ಅಡ್ಡಬಂದು, ಅದು ಈಗ ಸಾಕ್ಷ್ಯ, ನ್ಯಾಯಾಧೀಶರ ಎದುರು ವಿಚಾರಣೆ ಆಗುವವರೆಗೂ ಯಾರೂ ಮುಟ್ಟುವಂತಿಲ್ಲ ಎಂದ. ಸಾಕ್ಷ್ಯ ಎಂದರೆ ಪೊಲೀಸು ಎಂದು ಕಂಡಕ್ಟರ್ ಅರ್ಥ ಮಾಡಿಕೊಂಡು, ಬಿಸಿ ತಗುಲಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಬಂದವರಿಗೆಲ್ಲ ಅವನೇ ಕಾವಲು ನಿಂತು, ಮುಟ್ಟಬೇಡಿ, ಒಳಗೆ ಹಾಕ್ತಾರೆ ಎಂದು ಹೇಳತೊಡಗಿದ.

ಹೊತ್ತೇರಿದಂತೆ ಖಾಲಿ ಕೊಡಗಳ ಸಾಲು ಬೆಳೆಯಿತು. ಮಹಡಿಯವರೆಲ್ಲ ಅಜ್ಜಿಯ ಕಡೆ, ನೆಲದವರೆಲ್ಲ ಟೈಲರ್ ಕಡೆ. ಎಂದೋ ಆರಲು ಹಾಕಿ ಕಾಣೆಯಾದ ಟವೆಲು, ಹೋದ ವರ್ಷ ಯಾರೋ ಯಾರದೋ ಬಾಗಿಲಿಗೆ ಗುಡಿಸಿದ ಕಸ, ಇಂಥ ಹಳೆಯ ಸಂಗತಿಗಳು ಒಂದೊಂದೇ ಎದ್ದು ಬಂದವು. ಟೈಲರ್ ಹೆಂಡತಿ ಬಾಯಿಯಿಂದ ಗುಂಡುಸೂಜಿ ತೆಗೆಯದೆಯೇ ತುಟಿಯಂಚಿನಿಂದ ವಾದ ಮಾಡುತ್ತಿದ್ದಳು. ಏನು ಹೇಳುತ್ತಿದ್ದಾಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ, ಚುಚ್ಚುತ್ತಿತ್ತು ಮಾತ್ರ.

ಮೊದಲನೇ ಮಹಡಿಯಿಂದ ಅಕ್ಕ ಇಳಿದು ಬಂದಳು. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದಳು, ಅದಕ್ಕೆ ಹಾಕಲು ನೀರಿರಲಿಲ್ಲ. ಇದನ್ನೆಲ್ಲ ಶುರುಮಾಡಿದವರು ಯಾರು ಎಂದು ಕೇಳಿದಳು. ಬೆಳಿಗ್ಗೆಯಿಂದ ಒಂದೇ ಒಂದು ವಿಷಯದಲ್ಲೂ ಒಮ್ಮತಕ್ಕೆ ಬಾರದ ಆ ಜನ ಈಗ ಏಕಕಂಠದಿಂದ, ನಿಮ್ಮ ತಮ್ಮನೇ ನಮಗೆ ಕಾನೂನು ಹೇಳಿಕೊಟ್ಟದ್ದು ಎಂದರು. ಅದರಲ್ಲಿ ದೂರಿಗಿಂತ ಕೃತಜ್ಞತೆಯೇ ಹೆಚ್ಚಿತ್ತು. ಅಕ್ಕನಿಗೆ ಅದು ಕೇಳಿಸಲಿಲ್ಲ.

"ನೀನು ಓದಿದ್ದು ಸಾಕು. ಮೊದಲು ನಲ್ಲಿ ಬಿಡಿಸು," ಎಂದಳು.

ಸಂಜೆಯ ಹೊತ್ತಿಗೆ ಕಟ್ಟಡವೇ ಎದ್ದು ಕೇಂದ್ರದ ಕಡೆ ಹೊರಟಿತು. ಮುಂದೆ ಕಪ್ಪು ಕೋಟಿನ ಮರಿ ಲಾಯರ್, ಹಿಂದೆ ಖಾಲಿ ಕೊಡಗಳ ಮೆರವಣಿಗೆ. ಅಜ್ಜಿ ತನ್ನ ಸ್ವಾಧೀನ ತಪ್ಪಿಹೋಗಬಾರದೆಂದು ತನ್ನ ಬದಲಿಗೆ ಬಕೆಟ್ಟನ್ನು ಮೇಜಿನ ಮೇಲೆ ಕೂರಿಸಿ ಬಂದಿದ್ದಳು. ಕೇಂದ್ರದ ಬಾಗಿಲಲ್ಲಿ ಇಷ್ಟು ಜನರನ್ನು ಕಂಡ ಮೇಡಂ ಕನ್ನಡಕ ಒರೆಸಿಕೊಂಡರು. ಹಿಟ್ಟು ಹೋಯಿತು, ಜನ ಹೋಗಲಿಲ್ಲ. ನಿನ್ನ ಹತ್ತಿರ ಒಂದೇ ಕೇಸು ಇದೆ ಅಂತ ಅಂದುಕೊಂಡಿದ್ದೆ ಎಂದರು.

ನಿವೃತ್ತ ನ್ಯಾಯಾಧೀಶರು ಮೇಜಿನ ಹಿಂದೆ ಕೂತಿದ್ದರು. ಬಲು ಸಾತ್ವಿಕ ಮನುಷ್ಯ. ಅವರಿಗಿದ್ದ ಒಂದೇ ವ್ಯಸನವೆಂದರೆ ಬರೆದದ್ದನ್ನು ಓದುವುದು. ಸೇವೆಯಲ್ಲಿದ್ದಷ್ಟು ಕಾಲವೂ ಅವರು, ಬಾಯಿಮಾತನ್ನು ನಂಬಿ ಕೆಟ್ಟವರುಂಟು, ವ್ಯಾಕರಣವನ್ನು ನಂಬಿ ಕೆಟ್ಟವರಿಲ್ಲ ಎನ್ನುತ್ತಿದ್ದರಂತೆ. ಹಿಟ್ಟಿನ ದೆಸೆಯಿಂದ ಪ್ರತಿ ಆದೇಶಕ್ಕೂ ಮುಂಚೆ ಒಂದು ಸೀನು ಬರುತ್ತಿತ್ತು. ಹೀಗಾಗಿ ಅವರು ಮೂಗು ತಿಕ್ಕಿಕೊಂಡರೆ ಸಾಕು, ಕಕ್ಷಿದಾರರು ಎದ್ದು ನಿಲ್ಲುತ್ತಿದ್ದರು.

ವಿಚಾರಣೆ ಬೇಗನೆ ಸಾಗಿತು. ಮೇಜು ತೆಗೆಯಲು ಟೈಲರ್ ಒಪ್ಪಿದ. ಬಕೆಟ್ಟು ಇಳಿಸಲು ಅಜ್ಜಿ ಒಪ್ಪಿದಳು. ಟವೆಲಿನ ವಿಷಯ ಕಾಲಮಿತಿ ಮೀರಿದೆಯೆಂದು ನ್ಯಾಯಾಧೀಶರು ಬದಿಗಿಟ್ಟರು. ಉಳಿದದ್ದು ಒಂದೇ ಗಂಟು. ಅಜ್ಜಿ ನೀರು ಹೊತ್ತರೆ ಮಂಡಿ ನಡುಗುತ್ತದೆ, ಮಂಡಿ ನಡುಗಿದರೆ ನೀರು ತುಳುಕುತ್ತದೆ, ತುಳುಕಿದರೆ ಟೈಲರ್ ಬಟ್ಟೆಯ ಮೇಲೇ ಬೀಳುತ್ತದೆ. ಅಂದಮೇಲೆ ಅಜ್ಜಿಯ ನೀರನ್ನು ಬೇರೆ ಯಾರಾದರೂ ಹೊರಬೇಕು. ಯಾರು?

ಈ ಪ್ರಶ್ನೆ ಬಿದ್ದದ್ದೇ ತಡ, ಅಷ್ಟು ಹೊತ್ತು ಅಜ್ಜಿಗಾಗಿ ಪ್ರಾಣ ಕೊಡಲು ತಯಾರಿದ್ದ ಮಹಡಿಯವರೆಲ್ಲ ತಮ್ಮ ಕೊಡಗಳ ಒಳಗೆ ಏನೋ ಇರುವಂತೆ ಬಗ್ಗಿ ನೋಡತೊಡಗಿದರು. ಕಂಡಕ್ಟರ್‌ಗೆ ಮುಂಜಾನೆಯ ಡ್ಯೂಟಿ. ಅಕ್ಕನಿಗೆ ಸೊಂಟ. ಟೈಲರ್ ತನ್ನ ಕಾಲುಗಳು ತುಳಿಯುವುದಕ್ಕೆ ಪಳಗಿದವು, ಹತ್ತುವುದಕ್ಕಲ್ಲ ಎಂದ. ಗಿರಣಿ ನಿಂತು ಆ ಕಡೆಯಿಂದ ಬಾಗಿಲೆಳೆಯುವ ಸದ್ದು ಬಂತು. ನ್ಯಾಯಾಧೀಶರು ಗಡಿಯಾರ ನೋಡಿಕೊಂಡು, ಒಮ್ಮತವಿಲ್ಲ ಎಂದು ಬರೆದು ಏಳುತ್ತೇನೆ ಎಂದರು. ಮರಿ ಲಾಯರ್ ಕಣ್ಣಿಗೆ ಇಡೀ ಒಂದು ವರ್ಷ, ಅದರ ಅಷ್ಟೂ ಊಟಗಳು, ಅಷ್ಟೂ ಊಟಗಳಲ್ಲಿ ಭಾವನ ಪ್ರಶ್ನೆ, ಎಲ್ಲ ಒಟ್ಟಿಗೇ ಕಂಡಿತು. ಅವನು ಟೈಲರ್‌ನ ಕೈ ಹಿಡಿದುಕೊಂಡ. ಅಳುವುದೊಂದು ಬಾಕಿ.

ಆಗ ಟೈಲರ್ ಹೆಂಡತಿ ಬೆಳಿಗ್ಗೆಯಿಂದ ಮೊದಲ ಬಾರಿಗೆ ಬಾಯಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ಬರ್ಕೊಳಿ. ಇವರೇ ತಂದುಕೊಡ್ತಾರೆ," ಎಂದಳು.

ಟೈಲರ್ ಏನೋ ಹೇಳಲು ಬಾಯಿ ತೆರೆದ. ಅವಳು ಒಂದು ಸೂಜಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು. ಅಂಗಿ ಹ್ಯಾಂಗರಿಗೆ ಒಪ್ಪುವಂತೆ ಅವನು ಒಪ್ಪಿದ.

ಮರಿ ಲಾಯರ್ ರಾಜಿಪತ್ರ ಬರೆಯಲು ಕೂತ. ಪಕ್ಕದಲ್ಲಿ ಅವನ ಸಹಪಾಠಿ, ಜಡೆಯ ಮೇಲೆಲ್ಲ ಹಿಟ್ಟು ಕೂತ ಹುಡುಗಿ, ಕಡಲೆಕಾಯಿ ಸುಲಿಯುತ್ತಾ ಹಾಜರಿ ಬರೆದುಕೊಳ್ಳುತ್ತಿದ್ದಳು. ಅವಳ ಕೇಸು ಮುಗಿದು ತಿಂಗಳುಗಳಾಗಿದ್ದವು. ಆಡುವ ಮಾತಿನಲ್ಲಿ ಬರೆದರೆ ಸಾಕು, ಅಜ್ಜಿಗೂ ಅರ್ಥವಾಗುತ್ತದೆ ಎಂದಳು. ಅವನು ಕನಿಕರದಿಂದ ನಕ್ಕ. ಹಳೆಯ ದಸ್ತಾವೇಜುಗಳನ್ನು ಅವನು ಪ್ರೀತಿಯಿಂದ ಓದಿಕೊಂಡಿದ್ದ, ಅದರಲ್ಲೂ 'ಸದರಿ' ಎಂಬ ಪದಕ್ಕೆ ಮಾರುಹೋಗಿದ್ದ. ಒಮ್ಮೆ ಹೇಳಿದ ಮನುಷ್ಯನನ್ನು ಮತ್ತೆ ಅವನು ಇವನು ಎಂದು ಕರೆದರೆ ಅದು ಹರಟೆ. ಸದರಿಯವನು ಎಂದರೆ ಕಾನೂನು. ಆ ಪದ ಬಂದೊಡನೆ ಕಾಗದಕ್ಕೇ ಕೋಟು ತೊಡಿಸಿದಂತಾಗುತ್ತದೆ.

ಅವನು ಬರೆದ: "ಎದುರುದಾರನಾದ ಟೈಲರ್ ಇನ್ನು ಮುಂದೆ ಅರ್ಜಿದಾರಳೊಂದಿಗೆ ಗೌರವದಿಂದ ನಡೆದುಕೊಳ್ಳತಕ್ಕದ್ದು. ಸದರಿಯವನು ಪ್ರತಿದಿನ ಬೆಳಿಗ್ಗೆ ಎರಡು ಬಕೆಟ್ ನೀರನ್ನು ಅರ್ಜಿದಾರಳ ಮನೆಗೆ, ಆಕೆ ಬದುಕಿರುವವರೆಗೆ, ಯಾವುದೇ ತಂಟೆ ತಕರಾರಿಲ್ಲದೆ ಹೊತ್ತು ಮುಟ್ಟಿಸತಕ್ಕದ್ದು."

ಓದಿ ನೋಡಿದ. ಸೊಗಸಾಗಿತ್ತು. ಒಂದೇ ಕೊರತೆ. ಇಡೀ ಕಾಗದದಲ್ಲಿ ಟೈಲರ್ ಇದ್ದ, ಅಜ್ಜಿ ಇದ್ದಳು, ಬಕೆಟ್ಟೂ ಇತ್ತು, ಬೆಳಿಗ್ಗೆಯಿಂದ ಬೆವರು ಸುರಿಸಿದ ತಾನೇ ಇರಲಿಲ್ಲ. ನಾಳೆ ಕಾಲೇಜಿನಲ್ಲಿ ಯಾರಾದರೂ ಇದನ್ನು ನೋಡಿದರೆ ಇದು ಯಾರ ಸಾಧನೆ ಎಂದು ತಿಳಿಯುವುದು ಹೇಗೆ? ಕೆಳಗೆ ಸಹಿಗಳಿಗೆ ಜಾಗ ಬಿಟ್ಟಾಗಿತ್ತು. ಆದ್ದರಿಂದ ಎರಡು ವಾಕ್ಯಗಳ ನಡುವಿನ ಸಂದಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ವಾಕ್ಯ ತುರುಕಿದ: "ಈ ರಾಜಿಯನ್ನು ಕೆಳಗೆ ಸಹಿ ಮಾಡಿರುವ ಕಾನೂನು ವಿದ್ಯಾರ್ಥಿಯು ಸ್ವಂತ ಪರಿಶ್ರಮದಿಂದ ಏರ್ಪಡಿಸಿರುತ್ತಾನೆ." ಕೆಳಗೆ ಸಹಿಯನ್ನೂ ಮಾಡಿದ. ಅಜ್ಜಿ ಮಾಡಿದಳು, ಟೈಲರ್ ಮಾಡಿದ.

ನ್ಯಾಯಾಧೀಶರು ಕಾಗದವನ್ನು ದೀಪಕ್ಕೆ ಹಿಡಿದು ಗಟ್ಟಿಯಾಗಿ ಓದಿದರು. ಟೈಲರ್ ಗೌರವದಿಂದ ನಡೆದುಕೊಳ್ಳತಕ್ಕದ್ದು. ಸರಿ. ಕಾನೂನು ವಿದ್ಯಾರ್ಥಿ ಸ್ವಂತ ಪರಿಶ್ರಮದಿಂದ ಏರ್ಪಡಿಸಿರುತ್ತಾನೆ. ಸಂತೋಷ. ಸದರಿಯವನು ಪ್ರತಿದಿನ ಬೆಳಿಗ್ಗೆ ಎರಡು ಬಕೆಟ್ ನೀರನ್ನು... ಅಲ್ಲಿಗೆ ನಿಲ್ಲಿಸಿ ಮರಿ ಲಾಯರ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣು ತೇವವಾಗಿತ್ತು. ಹಿಟ್ಟಿಗೋ ಅಭಿಮಾನಕ್ಕೋ ಹೇಳುವುದು ಕಷ್ಟ.

"ನೀವೇ ಹೊರ್ತೀರಾ? ಭಾಳ ದೊಡ್ಡ ಮನಸ್ಸು," ಎಂದರು.

ಮರಿ ಲಾಯರ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ, ಅಲ್ಲ ಸಾರ್, ಸದರಿಯವನು ಎಂದರೆ ಟೈಲರ್ ಎಂದು ತೊದಲಿದ. ನ್ಯಾಯಾಧೀಶರು ಶಾಂತವಾಗಿ, ಸದರಿ ಎಂಬುದು ತನಗಿಂತ ಮುಂಚೆ ಕಟ್ಟಕಡೆಗೆ ಬಂದವನನ್ನು ಹಿಡಿದುಕೊಳ್ಳುತ್ತದೆ, ಇಲ್ಲಿ ಕಟ್ಟಕಡೆಗೆ ಬಂದಿರುವವನು ಸ್ವಂತ ಪರಿಶ್ರಮದವನು ಎಂದು ವಿವರಿಸಿದರು. ತಮ್ಮ ಸೇವಾವಧಿಯಲ್ಲಿ ಈ ಒಂದು ಪದಕ್ಕೆ ಸಿಕ್ಕಿ ಜನ ಹೊಲ ಕಳೆದುಕೊಂಡಿದ್ದಾರೆ, ಹೊತ್ತದ್ದು ನೀರಷ್ಟೇ ಆದರೆ ಪುಣ್ಯ ಎಂದರು.

ಈ ಕಡೆ ಜನರಿಗೆ ಯಾವ ಗೊಂದಲವೂ ಇರಲಿಲ್ಲ. ಟೈಲರ್ ಮುಖ ಬೆಳಿಗ್ಗೆಯಿಂದ ಕಾಣದಷ್ಟು ಹಗುರವಾಗಿತ್ತು. ಅವನು ಕಾಗದದಲ್ಲಿ ಏನಿದೆಯೋ ಅದಕ್ಕೆ ತನ್ನ ಪೂರ್ಣ ಒಪ್ಪಿಗೆಯಿದೆ ಎಂದ. ಅವನ ಹೆಂಡತಿ, ಲಾಯರಪ್ಪನ ಕಾಲು ನೋಡಿ, ಎಷ್ಟು ಗಟ್ಟಿಯಿವೆ ಎಂದಳು. ಅಜ್ಜಿ ಬಲಗಿವಿ ಮುಂದೆ ಮಾಡಿ ಎಲ್ಲ ಕೇಳಿಸಿಕೊಂಡು, ಟೈಲರ್ ಕೈ ಸ್ವಲ್ಪ ಒರಟು, ಈ ಮಗು ತುಳುಕಿಸೋದಿಲ್ಲ ಎಂದು ಹರಸಿದಳು. ಅಕ್ಕ ಮಾತ್ರ, ಬೆಳಿಗ್ಗೆ ಎಬ್ಬಿಸುವ ಹೊಣೆ ತನ್ನ ಮೇಲೆ ಬಿತ್ತಲ್ಲ ಎಂದು ಲೆಕ್ಕ ಹಾಕುತ್ತಿದ್ದಳು.

ಇದು ಕೈತಪ್ಪಿನಿಂದಾದದ್ದು, ತಿದ್ದಲು ಬಿಡಿ ಎಂದು ಮರಿ ಲಾಯರ್ ಬೇಡಿಕೊಂಡ. ಧಾರಾಳವಾಗಿ ತಿದ್ದಬಹುದು, ಎಲ್ಲರೂ ಒಪ್ಪಿದರೆ, ಎಂದರು ನ್ಯಾಯಾಧೀಶರು. ಟೈಲರ್ ಒಪ್ಪಲಿಲ್ಲ. ಅವನ ಸಹಿಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವನ ಹೆಂಡತಿಗೆ ಒಪ್ಪಿಗೆಯಾಗಿತ್ತು.

"ಹಾಗಿದ್ರೆ ಒಮ್ಮತ ಇಲ್ಲ. ರಾಜಿ ಆಗ್ಲಿಲ್ಲ ಅಂತ ಬರೀಲಾ?" ಎಂದು ನ್ಯಾಯಾಧೀಶರು ಪೆನ್ನು ಬಿಚ್ಚಿದರು.

ಮರಿ ಲಾಯರ್ ಮೇಡಂ ಕಡೆ ತಿರುಗಿದ. ಮೇಡಂ ಕಿಟಕಿಯಾಚೆ ನೋಡುತ್ತಾ, ಇವತ್ತೇ ಕೊನೆಯ ದಿನ ಎಂಬುದನ್ನು ನೆನಪಿಸಿದರು. ಒಂದು ಕಡೆ ಒಂದು ವರ್ಷ. ಇನ್ನೊಂದು ಕಡೆ ಎರಡು ಬಕೆಟ್. ಅಜ್ಜಿಯ ಆರೋಗ್ಯವನ್ನು ಅವನು ಒಮ್ಮೆ ಕಣ್ಣಿನಲ್ಲೇ ಅಳೆದ. ಮಂಡಿಯೊಂದು ಬಿಟ್ಟರೆ ಅವಳು ಕಬ್ಬಿಣದ ಗುಂಡಿನಂತಿದ್ದಳು. ಕೊನೆಗೆ ಅವನು, ಬರೀಬೇಡಿ ಸಾರ್, ರಾಜಿ ಆಗಿದೆ ಎಂದ.

ನ್ಯಾಯಾಧೀಶರು ಮೂಗು ತಿಕ್ಕಿಕೊಂಡರು. ಎಲ್ಲರೂ ಎದ್ದು ನಿಂತರು. ಸೀನು ಬಂತು, ಸಹಿ ಬಿತ್ತು, ಮೊಹರು ಬಿತ್ತು. ಇಂಥ ರಾಜಿಯ ಮೇಲೆ ಅಪೀಲು ಇರುವುದಿಲ್ಲ ಎಂದು ಹೇಳಿ ಅವರು ಕೊಡೆ ತೆಗೆದುಕೊಂಡು ಹೊರಟರು. ಜನ ತಮ್ಮ ಕೊಡಗಳನ್ನೆತ್ತಿಕೊಂಡು ಮೇಜು ಸರಿಸಲು ಓಡಿದರು. ಅಜ್ಜಿಯನ್ನು ಟೈಲರ್ ಕೈಹಿಡಿದು ನಡೆಸಿಕೊಂಡು ಹೋದ, ಗೌರವದಿಂದ.

ಕೋಣೆಯಲ್ಲಿ ಮೇಡಂ, ಜಡೆಯ ಹುಡುಗಿ ಮತ್ತು ಮರಿ ಲಾಯರ್ ಉಳಿದರು. ಅವನು ಬಳಲಿದ್ದ, ಆದರೆ ಗೆದ್ದಿದ್ದ. ಇಷ್ಟು ವರ್ಷಗಳಲ್ಲಿ ಒಬ್ಬ ಬಡ ಹೆಂಗಸಿಗೆ ಇಷ್ಟು ಪ್ರತ್ಯಕ್ಷವಾಗಿ ನೆರವಾದ ವಿದ್ಯಾರ್ಥಿಯನ್ನು ತಾನು ಕಂಡಿಲ್ಲವೆಂದು ಮೇಡಂ ಮನಸಾರೆ ಹೇಳಿದರು. ಆಮೇಲೆ ಕೇಂದ್ರದ ರಿಜಿಸ್ಟರಿನಲ್ಲಿ ಕೇಸು ನಡೆಸಿದ ವಿದ್ಯಾರ್ಥಿ ಯಾರೆಂದು ತುಂಬಲು ಪೆನ್ನೆತ್ತಿದವರು ಹಾಗೇ ತಡೆದರು. ರಾಜಿಪತ್ರವನ್ನು ಇನ್ನೊಮ್ಮೆ ಓದಿದರು.

"ಒಂದು ತೊಡಕಿದೆಯಲ್ಲಪ್ಪ. ನೀರು ಹೊರೋದು ನೀನೇ ಅಂತ ಆದ್ಮೇಲೆ ಈಗ ನೀನೂ ಈ ಕೇಸಿನಲ್ಲಿ ಪಕ್ಷಗಾರ. ಪಕ್ಷಗಾರನೇ ಕೇಸು ನಡೆಸಿದ ಅಂತ ಹೇಗೆ ಬರೀಲಿ?"

ತನ್ನದೇ ಹಿತ ಅಡಗಿರುವ ಕೇಸನ್ನು ವಿದ್ಯಾರ್ಥಿ ನಡೆಸಕೂಡದು ಎಂಬುದು ನೆರವು ಕೇಂದ್ರದ ನಿಯಮ. ಅದನ್ನು ಮಾಡಿದವಳು ತಾನಲ್ಲ ಎಂದು ಮೇಡಂ ಸಂಕಟದಿಂದ ಹೇಳಿದರು. ಇದರಲ್ಲಿ ತನ್ನ ಹಿತ ಎಲ್ಲಿದೆ ತೋರಿಸಿ ಮೇಡಂ ಎಂದು ಅವನು ಕೇಳಿದ. ಅದು ನಿಯಮದ ಪ್ರಶ್ನೆಯಲ್ಲ, ತತ್ತ್ವಜ್ಞಾನದ ಪ್ರಶ್ನೆ ಎಂದರು. ಹಾಗೆಂದು ಖಾನೆಯನ್ನು ಖಾಲಿ ಬಿಡುವಂತಿರಲಿಲ್ಲ. ವಿಚಾರಣೆಯ ಹೊತ್ತಿನಲ್ಲಿ ಆ ಮೇಜಿನ ಬಳಿ ಇನ್ನೊಬ್ಬ ವಿದ್ಯಾರ್ಥಿನಿ ಕೂತಿದ್ದಳು. ಮೇಡಂ ಅಲ್ಲಿ ಅವಳ ಹೆಸರು ಬರೆದರು. ಜಡೆಯ ಹುಡುಗಿ ಉಳಿದ ಕಡಲೆಕಾಯಿಯನ್ನು ಅವನ ಕಡೆಗೆ ಸರಿಸಿದಳು. ಎರಡು ಕೇಸು ಮುಗಿಸಿದ ಒಬ್ಬಳೇ ವಿದ್ಯಾರ್ಥಿನಿಯೆಂದು ಅವಳಿಗೆ ಆ ವರ್ಷದ ಬಹುಮಾನ ಬಂತು.

ಮರಿ ಲಾಯರ್ ಕೊನೆಯ ವರ್ಷಕ್ಕೆ ಮತ್ತೆ ಸೇರಿದ. ಭಾನುವಾರ ರಜೆಯೆಂದು ರಾಜಿಪತ್ರದಲ್ಲಿ ಬರೆದಿರಲಿಲ್ಲವಾದ್ದರಿಂದ ನೀರನ್ನು ಮರುದಿನದಿಂದಲೇ ಹೊತ್ತ.